ಬೆಳಿಗ್ಗೆಯೂ ಹೋಸ್ ಗಟ್ಟಿ ಇದೆಯಾ? ಹಳೇ ಡೀಸೆಲ್ ಎಂಜಿನ್‌ನ ಹೆಡ್ ಗ್ಯಾಸ್ಕೆಟ್ ಪತ್ತೆ ಮತ್ತು ರಿಪೇರಿ

ಪ್ರಶ್ನೆ: ನನ್ನದು ಹಳೇ ನಾಲ್ಕು ಸಿಲಿಂಡರ್ ಡೀಸೆಲ್ ಗಾಡಿ. ಟರ್ಬೊ ಇಲ್ಲ, ಮೆಕ್ಯಾನಿಕಲ್ ಡೀಸೆಲ್ ಪಂಪ್. ಎರಡು ತಿಂಗಳಿಂದ ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆ, ಹೊರಗೆ ಎಲ್ಲೂ ಸೋರುವುದು ಕಾಣುತ್ತಿಲ್ಲ. ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ರಾತ್ರಿ ನಿಲ್ಲಿಸಿದ ಗಾಡಿಯ ಹೋಸ್ ಪೈಪ್ ಬೆಳಿಗ್ಗೆಯೂ ಗಟ್ಟಿಯಾಗಿರುತ್ತದೆ. ಆಯಿಲ್ ಚೆನ್ನಾಗಿದೆ, ಬಿಳಿ ಹೊಗೆಯೂ ಇಲ್ಲ. ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ ಬದಲಿಸಬೇಕು ಅಂತಾರೆ. ಇನ್ನೊಬ್ಬರು ರೇಡಿಯೇಟರ್‌ಗೆ ಸುರಿಯುವ ಲೀಕ್ ನಿಲ್ಲಿಸುವ ದ್ರಾವಣ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನೀವು ಬರೆದಿರುವುದರಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಆ ಹೋಸ್ ಪೈಪ್ ಮೇಲೆ. ಎಂಜಿನ್ ಬಿಸಿಯಾದಾಗ ನೀರು ಹಿಗ್ಗುತ್ತದೆ, ಒತ್ತಡ ಏರುತ್ತದೆ, ಹೋಸ್ ಗಟ್ಟಿಯಾಗುತ್ತದೆ. ಅದು ಸಹಜ. ತಣ್ಣಗಾದ ಮೇಲೆ ಹೋಸ್ ಮೆತ್ತಗಾಗಬೇಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಇನ್ನೂ ಗಟ್ಟಿ ಇದೆ ಅಂದರೆ ಒಳಗೆ ಇರುವುದು ಬರೀ ನೀರಲ್ಲ. ಯಾವುದೋ ಸಿಲಿಂಡರ್‌ನಿಂದ ಗ್ಯಾಸ್ ನುಗ್ಗಿ ಅಲ್ಲೇ ಉಳಿದುಕೊಂಡಿದೆ. ಹಾಗಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗೂ ನಡುವಿನ ಸೀಲ್) ಮೇಲೆ ಅನುಮಾನ ಪಡುವುದು ಸರಿಯೇ. ಆದರೆ ಅನುಮಾನ ಬೇರೆ, ಸಾಕ್ಷಿ ಬೇರೆ. ಅದೇ ಗ್ಯಾಸ್ ಹೆಡ್‌ನ ಬಿರುಕಿನಿಂದಲೂ ಬರಬಹುದು. ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೂರುವ ತಾಮ್ರದ ಸ್ಲೀವ್ ಸಡಿಲವಾಗಿಯೂ ಬರಬಹುದು. ಸಾಕ್ಷಿ ಸಿಗುವ ತನಕ ಹೆಡ್ ಬಿಚ್ಚಿಸಬೇಡಿ. ಆ ದ್ರಾವಣವನ್ನಂತೂ ಹಾಕಲೇಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊಗೆ ಇಲ್ಲ, ಆಯಿಲ್ ಕೆಟ್ಟಿಲ್ಲ, ಹಾಗಾದರೆ ಗ್ಯಾಸ್ಕೆಟ್ ಹೇಗೆ ಹೋಗಿರುತ್ತದೆ ಅಂತ ನಿಮಗೆ ಅನಿಸಬಹುದು. ಚೆನ್ನಾಗಿರುವ ಡೀಸೆಲ್ ಎಂಜಿನ್‌ನಲ್ಲಿ ಬರೀ ಸೆಲ್ಫ್ ಹೊಡೆಯುವಾಗಲೇ ಸಿಲಿಂಡರ್ ಒಳಗೆ 25ರಿಂದ 30 ಬಾರ್ ಒತ್ತಡ ಇರುತ್ತದೆ. ಡೀಸೆಲ್ ಉರಿಯುವ ಕ್ಷಣದಲ್ಲಿ ಅದು ಇನ್ನೂ ಎರಡು ಮೂರು ಪಟ್ಟು ಏರುತ್ತದೆ. ರೇಡಿಯೇಟರ್ ಕ್ಯಾಪ್ ಹಿಡಿದಿಡುವುದು ಸುಮಾರು 1 ಬಾರ್ ಅಷ್ಟೇ. ನಡುವೆ ಕೂದಲೆಳೆಯಷ್ಟು ದಾರಿ ಸಿಕ್ಕರೂ, ಎಂಜಿನ್ ಓಡುವಾಗ ಗ್ಯಾಸ್ ನೀರಿನ ಕಡೆಗೆ ಹೋಗುತ್ತದೆಯೇ ಹೊರತು ನೀರು ಸಿಲಿಂಡರ್ ಕಡೆಗೆ ಬರುವುದಿಲ್ಲ. ಒಳಗೆ ಸೇರಿದ ಗ್ಯಾಸ್ ನೀರನ್ನು ಕ್ಯಾಪ್ ದಾಟಿಸಿ ಸಣ್ಣ ಪೈಪಿನಿಂದ ಹೊರಗೆ ತಳ್ಳುತ್ತದೆ. ಅದು ಓಡುವ ಗಾಡಿಯಿಂದ ರಸ್ತೆ ಮೇಲೆ ಬೀಳುವ ನೀರು, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಏರಿನಲ್ಲಿ ಲೋಡ್ ಜಾಸ್ತಿ, ಹಾಗಾಗಿ ಗ್ಯಾಸ್ ಕೂಡ ಜಾಸ್ತಿ. ಥರ್ಮೋಸ್ಟಾಟ್ ಹತ್ತಿರ ಗುಳ್ಳೆ ಕೂತರೆ ಅದಕ್ಕೆ ಬಿಸಿನೀರು ತಾಗುವುದಿಲ್ಲ. ತೆರೆಯುವುದು ತಡವಾಗುತ್ತದೆ, ಮುಳ್ಳು ಏರುತ್ತದೆ. ನಿಮ್ಮ ಎಲ್ಲ ಲಕ್ಷಣವೂ ಈ ಶುರುವಿನ ಹಂತಕ್ಕೆ ಹೊಂದುತ್ತದೆ.

ಮುಂದಿನ ಹಂತ ಕೆಟ್ಟದ್ದು. ದಾರಿ ದೊಡ್ಡದಾದರೆ, ಎಂಜಿನ್ ನಿಲ್ಲಿಸಿದ ಮೇಲೆ ಉಳಿದ ಒತ್ತಡ ನೀರನ್ನು ಸಿಲಿಂಡರ್ ಒಳಕ್ಕೆ ತಳ್ಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ಸಿಲಿಂಡರ್ ಎತ್ತಿಕೊಳ್ಳದೆ ಎಂಜಿನ್ ನಡುಗುತ್ತದೆ, ಬಿಳಿ ಆವಿ ಬರುತ್ತದೆ. ಅಂಥ ಎಂಜಿನ್‌ಗೆ ಸುಮ್ನೆ ಸೆಲ್ಫ್ ಹೊಡೆಯಬೇಡಿ. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗವೇ ಕಮ್ಮಿ. ಅದಕ್ಕಿಂತ ಜಾಸ್ತಿ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಟರ್ ಪ್ಲಗ್ (ಸ್ಟಾರ್ಟ್‌ಗೆ ಮೊದಲು ಸಿಲಿಂಡರ್ ಒಳಗೆ ಬಿಸಿ ಮಾಡುವ ಪ್ಲಗ್) ಅಥವಾ ಇಂಜೆಕ್ಟರ್ ಬಿಚ್ಚಿ, ಕೈಯಿಂದ ಎರಡು ಸುತ್ತು ಪೂರ್ತಿ ತಿರುಗಿಸಿ, ಆಮೇಲೆ ಸೆಲ್ಫ್ ಮುಟ್ಟಿ.

ಈಗ ಸಾಕ್ಷಿ ಹುಡುಕೋಣ. ಮೊದಲ ಪರೀಕ್ಷೆಗೆ ದುಡ್ಡು ಬೇಡ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ರೇಡಿಯೇಟರ್ ಕ್ಯಾಪ್ ಯಾವತ್ತೂ ತೆರೆಯಬೇಡಿ. ತಣ್ಣಗಿದ್ದರೂ ನಿಮ್ಮ ಗಾಡಿಯಲ್ಲಿ ಒಳಗೆ ಒತ್ತಡ ಇದೆ, ಆದ್ದರಿಂದ ಬಟ್ಟೆ ಹಾಕಿ ನಿಧಾನಕ್ಕೆ ತಿರುಗಿಸಿ. ರೇಡಿಯೇಟರ್ ಬಾಯಿಯ ತನಕ ನೀರು ತುಂಬಿ. ವಾಟರ್ ಪಂಪ್ ಹೊರಗಿನ ಬೆಲ್ಟ್‌ನಲ್ಲಿ ಓಡುವಂಥದ್ದಾದರೆ ಬೆಲ್ಟ್ ತೆಗೆಯಿರಿ, ಆಗ ನೀರು ಸುತ್ತದೆ ನಿಂತಿರುತ್ತದೆ. ಸ್ಟಾರ್ಟ್ ಮಾಡಿ ಬಾಯೊಳಗೆ ನೋಡಿ. ಒಂದು ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ. ಮೊದಲಿಗೆ ಒಂದೆರಡು ಗುಳ್ಳೆ ಬರುವುದು ಸಿಕ್ಕಿಕೊಂಡಿದ್ದ ಗಾಳಿ, ಅದು ನಿಂತುಹೋಗುತ್ತದೆ. ನೀರು ಇನ್ನೂ ತಣ್ಣಗಿರುವಾಗಲೇ ಗುಳ್ಳೆ ಒಂದೇ ಸಮನೆ ಬರುತ್ತಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾದರೆ, ಅದು ಸಿಲಿಂಡರ್‌ನ ಗ್ಯಾಸ್.

ಯಾವ ಸಿಲಿಂಡರ್ ಅಂತಲೂ ಹೀಗೇ ತಿಳಿಯಬಹುದು. ನಿಮ್ಮದು ಮೆಕ್ಯಾನಿಕಲ್ ಪಂಪ್ ಅಂದಿರಿ ಅಲ್ವಾ, ಅದಕ್ಕೇ ಈ ಮಾತು. ಎಂಜಿನ್ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಅನ್ನು ಅರ್ಧ ಸುತ್ತು ಸಡಿಲ ಮಾಡಿ. ಆ ಸಿಲಿಂಡರ್ ಉರಿಯುವುದು ನಿಲ್ಲುತ್ತದೆ, ಎಂಜಿನ್ ಶಬ್ದ ಬದಲಾಗುತ್ತದೆ. ಯಾವ ನಟ್ ಸಡಿಲ ಮಾಡಿದಾಗ ಗುಳ್ಳೆ ತಟ್ಟನೆ ಇಳಿಯುತ್ತದೋ ಅದೇ ತಪ್ಪಿತಸ್ಥ. ನಟ್ ಮೇಲೆ ದಪ್ಪ ಬಟ್ಟೆ ಇರಲಿ, ಕನ್ನಡಕ ಇರಲಿ, ಬೆರಳನ್ನು ಹತ್ತಿರ ಒಯ್ಯಬೇಡಿ. ಒತ್ತಡದ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕ ಚುಕ್ಕೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ ಅದು. ಕಾಮನ್ ರೈಲ್ ಎಂಜಿನ್‌ನಲ್ಲಿ (ಡೀಸೆಲ್ ಒತ್ತಡ ಇನ್ನೂ ತುಂಬಾ ಜಾಸ್ತಿ ಇರುವ ಹೊಸ ಬಗೆಯದು) ಈ ಕೆಲಸ ಮಾಡಲೇಬಾರದು.

ನೀಲಿ ದ್ರವದ ಟೆಸ್ಟರ್ ಒಂದು ಬರುತ್ತದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದರೆ, ಕಾರ್ಬನ್ ಡೈಆಕ್ಸೈಡ್ ಇದ್ದಾಗ ನೀಲಿ ಬಣ್ಣ ಹಸಿರಿಗೆ ಇಲ್ಲವೇ ಹಳದಿಗೆ ತಿರುಗುತ್ತದೆ. ಒಳ್ಳೆಯ ಸಾಧನವೇ. ಆದರೆ ಡೀಸೆಲ್ ಎಂಜಿನ್ ಐಡಲ್‌ನಲ್ಲಿ ತುಂಬಾ ಗಾಳಿ, ಸ್ವಲ್ಪವೇ ಡೀಸೆಲ್ ಇಟ್ಟುಕೊಂಡು ಓಡುತ್ತದೆ. ಅದರ ಹೊಗೆಯಲ್ಲಿ ಆ ಅನಿಲ ಕಮ್ಮಿ. ಬಣ್ಣ ಬದಲಾಗಲಿಲ್ಲ, ಗ್ಯಾಸ್ಕೆಟ್ ಸರಿ ಇದೆ ಅಂತ ಹೇಳಿ ವಾಪಸ್ ಕಳಿಸಿದ ಗಾಡಿಗಳು ನನ್ನ ಹತ್ತಿರ ಬಂದಿವೆ. ಗಾಡಿಯನ್ನು ಲೋಡ್‌ನಲ್ಲಿ ಓಡಿಸಿಕೊಂಡು ಬಂದು, ತಣ್ಣಗಾಗಲು ಬಿಟ್ಟು, ಕ್ಯಾಪ್ ತೆರೆದ ಕೂಡಲೇ ಪರೀಕ್ಷೆ ಮಾಡಿದರೆ ಸರಿಯಾದ ಉತ್ತರ ಸಿಗುವ ಅವಕಾಶ ಜಾಸ್ತಿ.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಗಾಳಿ ತುಂಬಿ ನೋಡುವ ಲೀಕ್ ಡೌನ್ ಪರೀಕ್ಷೆಯ ಮೇಲೆ. ಒಂದು ಸಿಲಿಂಡರ್‌ನ ಪಿಸ್ಟನ್ ಅನ್ನು ಕಂಪ್ರೆಷನ್‌ನಲ್ಲಿ ತುತ್ತತುದಿಗೆ ತಂದು ನಿಲ್ಲಿಸಿ, ಹೀಟರ್ ಪ್ಲಗ್ ತೂತಿನಿಂದ 6 ಬಾರ್ ಆಸುಪಾಸು ಗಾಳಿ ಕೊಡಬೇಕು. ಗಾಡಿ ಗೇರ್‌ನಲ್ಲಿರಲಿ, ಫ್ಯಾನ್ ಹತ್ತಿರ ಕೈ ಇರಬಾರದು, ಗಾಳಿಗೆ ಕ್ರ್ಯಾಂಕ್ ತಿರುಗಬಹುದು. ಆಮೇಲೆ ಸುಮ್ಮನೆ ಕಿವಿಗೊಟ್ಟು ಕೇಳಿ. ಆಯಿಲ್ ಹಾಕುವ ಬಾಯಿಯಲ್ಲಿ ಬುಸುಗುಟ್ಟಿದರೆ ರಿಂಗ್. ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಕೇಳಿದರೆ ಇನ್ಲೆಟ್ ವಾಲ್ವ್. ಪಕ್ಕದ ಸಿಲಿಂಡರ್‌ನ ತೂತಿನಿಂದ ಗಾಳಿ ಬಂದರೆ ಎರಡರ ನಡುವಿನ ಗ್ಯಾಸ್ಕೆಟ್ ಹೋಗಿದೆ. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ನಮಗೆ ಬೇಕಾದ ಉತ್ತರ ಸಿಕ್ಕಿತು. ಕಂಪ್ರೆಷನ್ ಗೇಜ್ ಇಟ್ಟು ನೋಡುವುದೂ ಒಳ್ಳೆಯದೇ, ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ತೋರಿಸಿದರೆ ಅದು ದೊಡ್ಡ ಸುಳಿವು. ಆದರೆ ಸಣ್ಣ ಗ್ಯಾಸ್ ಲೀಕ್ ಇದ್ದಾಗ ಕಂಪ್ರೆಷನ್ ಸರಿಯಾಗಿಯೇ ಬರುತ್ತದೆ. ಪೆಟ್ರೋಲ್ ಎಂಜಿನ್ ಗೇಜ್ ಅನ್ನು ಡೀಸೆಲ್‌ಗೆ ಹಾಕಬೇಡಿ, ಅದು ಆ ಒತ್ತಡ ತಡೆಯುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವರ್ಷಗಳ ಹಿಂದೆ ಏರ್ ಬ್ರೇಕ್ ಇದ್ದ ಆರು ಸಿಲಿಂಡರ್ ಲಾರಿಯೊಂದು ಬಂತು. ರೇಡಿಯೇಟರ್‌ನಲ್ಲಿ ಗುಳ್ಳೆ, ಹೋಸ್ ಗಟ್ಟಿ, ನೀರು ಹೊರಗೆ. ನೋಡಿದ ಕೂಡಲೇ ಹೆಡ್ ಇಳಿಸಿದೆ. ಗ್ಯಾಸ್ಕೆಟ್‌ನಲ್ಲಿ ಏನೂ ಕಾಣಲಿಲ್ಲ. ಆದರೂ ಹೊಸದು ಹಾಕಿ ಕೂರಿಸಿದೆ. ಸ್ಟಾರ್ಟ್ ಮಾಡಿದರೆ ಅದೇ ಗುಳ್ಳೆ. ಆ ಲಾರಿಯ ಏರ್ ಕಂಪ್ರೆಸರ್‌ಗೆ ಎಂಜಿನ್‌ನ ನೀರೇ ಸುತ್ತಿ ಬರುತ್ತಿತ್ತು. ಕಂಪ್ರೆಸರ್‌ನ ಸಣ್ಣ ಹೆಡ್ ಗ್ಯಾಸ್ಕೆಟ್ ಹೋಗಿ ಗಾಳಿ ನೀರಿಗೆ ಸೇರುತ್ತಿತ್ತು. ಕಂಪ್ರೆಸರ್‌ನ ನೀರಿನ ಪೈಪ್ ಬಿಡಿಸಿ ಎರಡು ನಿಮಿಷ ಓಡಿಸಿದ್ದರೆ ಗೊತ್ತಾಗುತ್ತಿತ್ತು. ಮಾಲೀಕರ ನಾಲ್ಕು ದಿನದ ದುಡಿಮೆ ನನ್ನಿಂದ ಹಾಳಾಯಿತು. ಅವತ್ತಿನಿಂದ ಗ್ಯಾಸ್ ಯಾವ ಸಿಲಿಂಡರ್‌ನಿಂದ ಬರುತ್ತಿದೆ ಅಂತ ಗೊತ್ತಾಗದೆ ನಾನು ಹೆಡ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕುವುದಿಲ್ಲ.

ಹೀಗೆ ದಾರಿ ತಪ್ಪಿಸುವ ಲಕ್ಷಣ ಇನ್ನೂ ಇವೆ. ಆಯಿಲ್ ಕ್ಯಾಪ್‌ನ ಒಳಗೆ ಮಾತ್ರ ಬೆಣ್ಣೆಯಂಥ ಕೆನೆ ಇದ್ದು ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸ್ವಚ್ಛ ಇದ್ದರೆ, ಅದು ಚಿಕ್ಕ ಚಿಕ್ಕ ಓಡಾಟದಲ್ಲಿ ಕೂತ ತೇವ. ನೀರಿನಲ್ಲಿ ಆಯಿಲ್ ಕಂಡರೆ ಮೊದಲು ಆಯಿಲ್ ಕೂಲರ್ ನೋಡಿ. ಓಡುವಾಗ ಆಯಿಲ್ ಒತ್ತಡ ನೀರಿಗಿಂತ ಜಾಸ್ತಿ, ಅದಕ್ಕೇ ಕೂಲರ್ ಒಡೆದಾಗ ಮೊದಲು ಆಯಿಲ್ ನೀರಿಗೆ ಬರುತ್ತದೆ. ವೆಟ್ ಲೈನರ್ ಎಂಜಿನ್‌ನಲ್ಲಿ (ಸಿಲಿಂಡರ್ ಬೇರೆ ಕೊಳವೆಯಾಗಿದ್ದು, ಅದರ ಹೊರಮೈಗೆ ನೀರು ನೇರ ತಾಗುವಂಥದ್ದು) ಬುಡದ ಆಯಿಲ್ ಚೇಂಬರ್‌ಗೆ ನೀರು ಬಂದರೆ ಲೈನರ್ ಬುಡದ ರಬ್ಬರ್ ರಿಂಗ್ ಹೋಗಿರಬಹುದು, ಇಲ್ಲವೇ ಲೈನರ್‌ಗೆ ಹೊರಗಿನಿಂದ ಸೂಜಿ ತೂತು ಬಿದ್ದಿರಬಹುದು. ಚೇಂಬರ್ ಇಳಿಸಿ, ಕೆಳಗೆ ಒಣ ಕಾಗದ ಹರಡಿ, ರೇಡಿಯೇಟರ್‌ಗೆ ಒತ್ತಡ ಕೊಟ್ಟು ಬಿಟ್ಟರೆ ಹನಿ ಎಲ್ಲಿ ಬೀಳುತ್ತದೆ ಅಂತ ಕಾಗದವೇ ತೋರಿಸುತ್ತದೆ. ಬಿಳಿ ಹೊಗೆ ಕಣ್ಣು ಉರಿಸಿ ಡೀಸೆಲ್ ವಾಸನೆ ಬಂದರೆ ಅದು ಉರಿಯದ ಡೀಸೆಲ್. ನೀರಿನ ಆವಿ ಗಾಳಿಯಲ್ಲಿ ಬೇಗ ಕರಗುತ್ತದೆ. ಕೂಲೆಂಟ್ ಇದ್ದರೆ ಸಿಹಿ ವಾಸನೆ ಬರುತ್ತದೆ. ಚೆಲ್ಲಿದ ಕೂಲೆಂಟ್ ಅನ್ನು ನಾಯಿ ಬೆಕ್ಕು ನೆಕ್ಕಬಹುದು, ಅದು ಅವಕ್ಕೆ ವಿಷ. ಬಿಚ್ಚುವಾಗ ಅಗಲವಾದ ಪಾತ್ರೆಯಲ್ಲಿ ಹಿಡಿದು ಮುಚ್ಚಿಡಿ.

ಆ ದ್ರಾವಣದ ವಿಷಯ. ರೇಡಿಯೇಟರ್‌ನ ಸಣ್ಣ ತೂತಿಗೆ ಅದು ಸ್ವಲ್ಪ ದಿನ ಕೆಲಸ ಮಾಡಬಹುದು, ಅಲ್ಲಿರುವುದು 1 ಬಾರ್. ಡೀಸೆಲ್ ಉರಿಯುವ ಒತ್ತಡವನ್ನು ಅದು ತಡೆಯುವುದಿಲ್ಲ. ತಡೆಯುವ ಬದಲು ರೇಡಿಯೇಟರ್‌ನ ಸಣ್ಣ ನಾಳ, ಕ್ಯಾಬಿನ್ ಹೀಟರ್, ಆಯಿಲ್ ಕೂಲರ್ ಇವುಗಳಲ್ಲಿ ಕೂತು ಕಟ್ಟುತ್ತದೆ. ಆಮೇಲೆ ಗ್ಯಾಸ್ಕೆಟ್ ಹೊಸದು ಹಾಕಿದರೂ ಎಂಜಿನ್ ಮತ್ತೆ ಬಿಸಿಯಾಗುತ್ತದೆ. ನಿಮಗೆ ಆ ಸಲಹೆ ಕೊಟ್ಟವರ ಉದ್ದೇಶ ಕೆಟ್ಟದ್ದಲ್ಲ, ಖರ್ಚು ಉಳಿಸಲು ಹೇಳಿರುತ್ತಾರೆ. ಆದರೆ ಅದರಿಂದ ಖರ್ಚು ಜಾಸ್ತಿಯೇ ಆಗುತ್ತದೆ.

ಗ್ಯಾಸ್ಕೆಟ್ ಅಂತ ಖಚಿತವಾಯಿತು ಅಂದುಕೊಳ್ಳೋಣ. ಗ್ಯಾಸ್ಕೆಟ್ ತಾನಾಗಿ ಹೋಗುವುದು ಅಪರೂಪ. ಸಾಮಾನ್ಯವಾಗಿ ಏನೋ ಒಂದು ಅದನ್ನು ಹಾಳು ಮಾಡಿರುತ್ತದೆ. ರೇಡಿಯೇಟರ್ ಕಟ್ಟಿದೆಯಾ, ಫ್ಯಾನ್ ಎಳೆಯುತ್ತಿದೆಯಾ, ಥರ್ಮೋಸ್ಟಾಟ್ ತೆರೆಯುತ್ತಿದೆಯಾ, ವಾಟರ್ ಪಂಪ್ ರೆಕ್ಕೆ ತಿಂದುಹೋಗಿದೆಯಾ ನೋಡಬೇಕು. ಡೀಸೆಲ್ ಪಂಪ್ ಟೈಮಿಂಗ್ ತುಂಬಾ ಮುಂದಿದ್ದರೂ, ಇಂಜೆಕ್ಟರ್ ತುದಿಯ ನಾಜಲ್ ಸರಿಯಾಗಿ ಸಿಂಪಡಿಸದೆ ಡೀಸೆಲ್ ಸುರಿಸುತ್ತಿದ್ದರೂ ಆ ಸಿಲಿಂಡರ್ ಮೇಲೆ ಹೊರೆ ಬೀಳುತ್ತದೆ. ಕೂಲೆಂಟ್ ಹಾಕದೆ ವರ್ಷಗಟ್ಟಲೆ ಬರೀ ನೀರಲ್ಲಿ ಓಡಿಸಿದ್ದರೆ ನೀರಿನ ತೂತಿನ ಅಂಚು ತುಕ್ಕು ಹಿಡಿದು ಸವೆದಿರುತ್ತದೆ. ಕಾರಣ ಉಳಿಸಿ ಗ್ಯಾಸ್ಕೆಟ್ ಬದಲಿಸಿದರೆ ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಹೆಡ್ ಬಿಸಿ ಇರುವಾಗ ಬಿಚ್ಚಿದರೆ ಸೊಟ್ಟಗಾಗುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಬಿಚ್ಚಿ. ಬೋಲ್ಟ್‌ಗಳನ್ನು ಹೊರಗಿನಿಂದ ನಡುವಿನ ಕಡೆಗೆ, ಒಂದೇ ಸಲಕ್ಕೆ ಪೂರ್ತಿ ಅಲ್ಲ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡಬೇಕು. ವಾಲ್ವ್ ತೆರೆಸುವ ಉದ್ದ ಕಡ್ಡಿಗಳಾದ ಪುಶ್ ರಾಡ್‌ಗಳನ್ನು ಯಾವುದು ಎಲ್ಲಿಯದು ಅಂತ ಗುರುತು ಹಾಕಿ ರಟ್ಟಿನಲ್ಲಿ ಸಿಕ್ಕಿಸಿಡಿ. ವೆಟ್ ಲೈನರ್ ಎಂಜಿನ್ ಆದರೆ, ಹೆಡ್ ತೆಗೆದ ಮೇಲೆ ಲೈನರ್‌ಗಳನ್ನು ಬೋಲ್ಟ್ ಮತ್ತು ದಪ್ಪ ವಾಷರ್ ಹಾಕಿ ಒತ್ತಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಬೇಡಿ. ಪಿಸ್ಟನ್ ಜೊತೆ ಲೈನರ್ ಎದ್ದರೆ ಕೆಳಗಿನ ರಬ್ಬರ್ ರಿಂಗ್ ಕಿತ್ತುಹೋಗುತ್ತದೆ.

ಹೆಡ್ ಎತ್ತಿದ ಆ ಕ್ಷಣದಲ್ಲಿ ಅವಸರ ಬೇಡ. ಒರೆಸುವ ಮೊದಲು ಐದು ನಿಮಿಷ ಕಣ್ಣಿಟ್ಟು ನೋಡಿ. ಗ್ಯಾಸ್ಕೆಟ್‌ನಲ್ಲಿ ಪ್ರತಿ ಸಿಲಿಂಡರ್ ಸುತ್ತ ಒಂದು ಲೋಹದ ಉಂಗುರ ಇರುತ್ತದೆ. ಚೆನ್ನಾಗಿರುವ ಉಂಗುರ ಸುತ್ತಲೂ ಒಂದೇ ಬಣ್ಣ, ಒಂದೇ ಹೊಳಪು. ಹೋಗಿರುವ ಕಡೆ ಉಂಗುರ ದಾಟಿ ನೀರಿನ ತೂತಿನ ತನಕ ಮಸಿಯ ಒಂದು ಕಪ್ಪು ಗೆರೆ ಎಳೆದಂತೆ ಇರುತ್ತದೆ. ಎಷ್ಟೋ ಸಲ ಅದು ಉಗುರಿನಷ್ಟು ಅಗಲ ಅಷ್ಟೇ. ಪಿಸ್ಟನ್‌ಗಳನ್ನೂ ನೋಡಿ. ಉಳಿದವು ಕಪ್ಪಾಗಿದ್ದು ಒಂದು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಅದಕ್ಕೆ ನೀರು ಹೋಗುತ್ತಿತ್ತು ಅಂತ ಅರ್ಥ. ಗೆರೆ ಎಲ್ಲಿದೆಯೋ ಅದೇ ಜಾಗದ ಹೆಡ್ ಮತ್ತು ಬ್ಲಾಕ್ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ. ಮುಂದಿನ ಅಳತೆಯೆಲ್ಲ ಅಲ್ಲಿಂದ ಶುರು. ಗ್ಯಾಸ್ಕೆಟ್‌ನಲ್ಲಿ ಯಾವ ಗೆರೆಯೂ ಇಲ್ಲ ಅಂದರೆ ಬಿರುಕು ಹುಡುಕಬೇಕು.

ಹಳೇ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಅಂಟಿಕೊಂಡಿದ್ದನ್ನು ಒದ್ದೆ ಮಾಡಿ ಚಪ್ಪಟೆ ಸ್ಕ್ರೇಪರ್‌ನಿಂದ ತೆಗೆಯಿರಿ. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ. ಡ್ರಿಲ್‌ಗೆ ಹಾಕುವ ಉಜ್ಜುವ ಡಿಸ್ಕ್ ಕೂಡ ಬೇಡ. ಅದರ ಪುಡಿ ಆಯಿಲ್ ದಾರಿಗೆ ಬಿದ್ದರೆ ಬೇರಿಂಗ್ ತಿನ್ನುತ್ತದೆ, ಮೇಲಾಗಿ ಬ್ಲಾಕ್ ಮುಖದಲ್ಲಿ ಕಾಣದ ತಗ್ಗು ಮಾಡುತ್ತದೆ.

ಇಲ್ಲಿಂದ ಅಳತೆಯ ಕೆಲಸ. ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ (ನಿಖರವಾದ ನೇರ ಪಟ್ಟಿ) ಇಟ್ಟು, ಅದರ ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ನೋಡಿ. ಉದ್ದಕ್ಕೆ, ಅಗಲಕ್ಕೆ, ಮೂಲೆಯಿಂದ ಮೂಲೆಗೆ. ಬ್ಲಾಕ್‌ಗೂ ಹಾಗೇ. ಎಷ್ಟೋ ಎಂಜಿನ್‌ಗಳಲ್ಲಿ ಉದ್ದಕ್ಕೆ 0.10 ಮಿ.ಮೀ., ಅಗಲಕ್ಕೆ 0.05 ಮಿ.ಮೀ. ಆಸುಪಾಸು ಮಿತಿ, ನಿಮ್ಮ ಎಂಜಿನ್‌ನ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಹೆಡ್ ಅನ್ನು ಬಿಸಿನೀರಲ್ಲಿ ಮುಳುಗಿಸಿ ಗಾಳಿ ಕೊಟ್ಟು ಪ್ರೆಶರ್ ಟೆಸ್ಟ್ ಮಾಡಿಸಿ. ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಲ್ಲಿ ತೆರೆದುಕೊಳ್ಳುತ್ತದೆ. ಎರಡು ವಾಲ್ವ್ ಸೀಟಿನ ನಡುವೆ ಬಿರುಕು ಬರುವುದು ಹಳೇ ಡೀಸೆಲ್‌ಗಳಲ್ಲಿ ಸಾಮಾನ್ಯ. ಕೆಲವು ಮ್ಯಾನುಯಲ್‌ಗಳು ಅಲ್ಲಿ ಸಣ್ಣ ಬಿರುಕನ್ನು ಒಪ್ಪುತ್ತವೆ, ಹಾಗಾಗಿ ಕಂಡ ಕೂಡಲೇ ಹೆಡ್ ಎಸೆಯಬೇಡಿ.

ಸೊಟ್ಟಗಿದ್ದರೆ ಲೇತ್‌ನವರು ಫೇಸಿಂಗ್ ಮಾಡಿಕೊಡ್ತೀವಿ, ಅಂದರೆ ಹೆಡ್ ಮುಖ ಕೆರೆದು ಸಮ ಮಾಡಿಕೊಡ್ತೀವಿ ಅಂತಾರೆ. ನಿಲ್ಲಿಸಿ ಕೇಳಿ. ಪೆಟ್ರೋಲ್ ಹೆಡ್‌ನಂತೆ ಡೀಸೆಲ್ ಹೆಡ್ ಅನ್ನು ಮನಸ್ಸಿಗೆ ಬಂದಷ್ಟು ತೆಗೆಯುವಂತಿಲ್ಲ. ವಾಲ್ವ್ ಮತ್ತು ಪಿಸ್ಟನ್ ನಡುವೆ ಇರುವ ಜಾಗ ತುಂಬಾ ಕಮ್ಮಿ. ವಾಲ್ವ್ ಎಷ್ಟು ಒಳಗೆ ಕೂರಬೇಕು, ಪ್ರಿ-ಚೇಂಬರ್ (ಡೀಸೆಲ್ ಮೊದಲು ಉರಿಯಲು ಶುರುವಾಗುವ, ಹೆಡ್ ಒಳಗಿನ ಸಣ್ಣ ಕೋಣೆ) ಮುಖ ಎಷ್ಟು ಎದ್ದಿರಬೇಕು ಅನ್ನುವುದಕ್ಕೆಲ್ಲ ಲೆಕ್ಕ ಇದೆ. ಕೆಲವು ಹೆಡ್‌ಗಳನ್ನು ಫೇಸಿಂಗ್ ಮಾಡಲೇಬಾರದು ಅಂತ ತಯಾರಕರೇ ಬರೆದಿರುತ್ತಾರೆ. ಕನಿಷ್ಠ ದಪ್ಪ ಎಷ್ಟು ಅಂತ ತಿಳಿದ ಮೇಲೆಯೇ ಮೆಷಿನ್‌ಗೆ ಕೊಡಿ.

ಹೊಸ ಗ್ಯಾಸ್ಕೆಟ್ ಕೊಳ್ಳುವಾಗ ಇನ್ನೊಂದು ಸೂಕ್ಷ್ಮ ಇದೆ. ಅನೇಕ ಡೀಸೆಲ್‌ಗಳಲ್ಲಿ ಪಿಸ್ಟನ್ ತುದಿಗೆ ಬಂದಾಗ ಬ್ಲಾಕ್ ಮಟ್ಟಕ್ಕಿಂತ ಸ್ವಲ್ಪ ಮೇಲೆ ಎದ್ದಿರುತ್ತದೆ. ಎಷ್ಟು ಎದ್ದಿದೆ ಅನ್ನುವುದರ ಮೇಲೆ ಗ್ಯಾಸ್ಕೆಟ್ ದಪ್ಪ ಆರಿಸಬೇಕು. ಅದಕ್ಕೇ ಒಂದೇ ಎಂಜಿನ್‌ಗೆ ಎರಡು ಮೂರು ದಪ್ಪದ ಗ್ಯಾಸ್ಕೆಟ್ ಬರುತ್ತವೆ, ಅಂಚಿನ ಕಚ್ಚು ಅಥವಾ ತೂತಿನ ಲೆಕ್ಕದಿಂದ ಗುರುತಿಸುತ್ತಾರೆ. ಹಳೇ ಗ್ಯಾಸ್ಕೆಟ್‌ನ ಕಚ್ಚು ಎಣಿಸಿ ಹೊಸದು ತರುವುದು ಸಾಮಾನ್ಯ ಅಭ್ಯಾಸ. ಹಿಂದೆ ಬಿಚ್ಚಿದವರು ತಪ್ಪು ಹಾಕಿದ್ದರೆ ನೀವೂ ಅದೇ ತಪ್ಪು ಹಾಕುತ್ತೀರಿ. ಡಯಲ್ ಗೇಜ್ ಇಟ್ಟು ನಾಲ್ಕೂ ಪಿಸ್ಟನ್ ಅಳೆಯಿರಿ. ತೆಳ್ಳಗೆ ಹಾಕಿದರೆ ಪಿಸ್ಟನ್ ಹೆಡ್‌ಗೆ ತಾಗಬಹುದು, ದಪ್ಪ ಹಾಕಿದರೆ ಕಂಪ್ರೆಷನ್ ಇಳಿದು ಬೆಳಿಗ್ಗೆ ಸ್ಟಾರ್ಟ್ ಕಷ್ಟ. ವೆಟ್ ಲೈನರ್ ಇದ್ದರೆ ಲೈನರ್ ತುಟಿ ಬ್ಲಾಕ್‌ಗಿಂತ ಎಷ್ಟು ಎದ್ದಿದೆ ಅಂತಲೂ ಅಳೆಯಿರಿ. ಮಿಲಿಮೀಟರ್‌ನ ನೂರರಲ್ಲಿ ಕೆಲವು ಭಾಗದಷ್ಟೇ ಇರುವ ಆ ಎತ್ತರವೇ ಗ್ಯಾಸ್ಕೆಟ್ ಉಂಗುರವನ್ನು ಒತ್ತಿ ಹಿಡಿಯುವುದು. ಒಂದು ಲೈನರ್ ತಗ್ಗಿದ್ದರೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಅಲ್ಲೇ ಹೋಗುತ್ತದೆ.

ಬೋಲ್ಟ್ ತೂತುಗಳನ್ನು ಮರೆಯಬೇಡಿ. ಹೆಡ್ ಎತ್ತುವಾಗ ನೀರು, ಆಯಿಲ್ ಅದರೊಳಗೆ ಇಳಿದಿರುತ್ತದೆ. ತಳ ಮುಚ್ಚಿದ ತೂತಿನಲ್ಲಿ ದ್ರವ ಉಳಿದಿದ್ದರೆ ಬೋಲ್ಟ್ ಕೆಳಗೆ ಇಳಿಯುವಾಗ ಅದಕ್ಕೆ ಹೋಗಲು ಜಾಗ ಇಲ್ಲ. ಟಾರ್ಕ್ ರೆಂಚ್ ಕಟ್ ಅನ್ನುತ್ತದೆ, ಬಿಗಿಯಾಯಿತು ಅಂತ ನೀವು ಅಂದುಕೊಳ್ಳುತ್ತೀರಿ, ಹೆಡ್ ಮೇಲೆ ಒತ್ತಡವೇ ಬಿದ್ದಿರುವುದಿಲ್ಲ. ಬ್ಲಾಕ್ ಒಡೆದಿರುವುದನ್ನೂ ನೋಡಿದ್ದೇನೆ. ಟ್ಯಾಪ್ (ಮರೆ ಕೊರೆಯುವ ಸಾಧನ) ಹಾಕಿ ತೂತಿನ ಮರೆ (ಸುರುಳಿ ಗಾಡಿ, ಅಂದರೆ ಥ್ರೆಡ್) ಸ್ವಚ್ಛ ಮಾಡಿ, ಗಾಳಿ ಊದಿ, ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ಒಣಗಿದೆಯಾ ನೋಡಿ.

ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಬಿಗಿಯುವ ಬೋಲ್ಟ್ ಆದರೆ ಹೊಸದೇ ಹಾಕಿ, ಅವು ಒಂದು ಸಲ ಎಳೆದುಕೊಂಡಿರುತ್ತವೆ. ಹಳೇ ಮಾದರಿಯ ಬೋಲ್ಟ್ ಆದರೆ ಉದ್ದ ಅಳೆದು, ಮರೆ ನೋಡಿ, ಸರಿ ಇದ್ದರೆ ಮತ್ತೆ ಬಳಸಬಹುದು. ಮರೆಗೂ ತಲೆಯ ಕೆಳಗೂ ಸ್ವಲ್ಪ ಆಯಿಲ್ ಸವರಿ. ನೀರಿನ ಕೋಣೆಗೆ ಇಳಿಯುವ ಬೋಲ್ಟ್ ಇದ್ದರೆ ಅದಕ್ಕೆ ಸೀಲೆಂಟ್ ಬೇಕು. ಗ್ಯಾಸ್ಕೆಟ್‌ಗೆ ಮಾತ್ರ, ಮ್ಯಾನುಯಲ್ ಹೇಳದಿದ್ದರೆ, ಏನೂ ಹಚ್ಚಬೇಡಿ. ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಮ್ಯಾನುಯಲ್ ಕೊಟ್ಟ ಕ್ರಮದಲ್ಲೇ ಬಿಗಿಯಿರಿ. ಅಂದಾಜಿಗೆ ಬೇಡ, ಟಾರ್ಕ್ ರೆಂಚ್ ಬೇಕೇ ಬೇಕು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಹೊಸದಿರಲಿ.

ಆಯಿಲ್‌ಗೆ ನೀರು ಸೇರಿದ್ದ ಎಂಜಿನ್ ಆದರೆ ಬೇರಿಂಗ್ ಒಂದೆರಡು ಬಿಚ್ಚಿ ನೋಡಬೇಕು. ನಿಮ್ಮದರಲ್ಲಿ ಹಾಗಾಗಿಲ್ಲ. ಆದರೂ ಹೆಡ್ ಇಳಿಸುವಾಗ ಕೆಳಗೆ ಹನಿ ಬೀಳುತ್ತದೆ, ಆಯಿಲ್ ಮತ್ತು ಫಿಲ್ಟರ್ ಬದಲಿಸಿಯೇ ಸ್ಟಾರ್ಟ್ ಮಾಡಿ. ರೇಡಿಯೇಟರ್‌ಗೆ ಕೂಲೆಂಟ್ ಮತ್ತು ಡಿಮಿನರಲೈಸ್ಡ್ ನೀರು ಸಮ ಸಮ ಹಾಕಿ, ಕ್ಯಾಬಿನ್ ಹೀಟರ್‌ನ ವಾಲ್ವ್ ತೆರೆದಿಟ್ಟು ಗಾಳಿ ಪೂರ್ತಿ ಹೊರಬರಲು ಬಿಡಿ.

ಹಳೇ ಎಂಜಿನ್‌ಗಳಲ್ಲಿ ಎಷ್ಟೋ ಕಡೆ ಮರುಬಿಗಿತ ಇದೆ, 500ರಿಂದ 1000 ಕಿ.ಮೀ. ಓಡಿದ ಮೇಲೆ. ಗ್ಯಾಸ್ಕೆಟ್ ಕೂತು ಸ್ವಲ್ಪ ತೆಳ್ಳಗಾಗಿರುತ್ತದೆ. ತಣ್ಣಗೆ ಮಾಡಬೇಕೋ ಬಿಸಿಯಲ್ಲೋ ಅನ್ನುವುದು ಎಂಜಿನ್‌ಗೆ ತಕ್ಕಂತೆ ಬೇರೆ. ಡಿಗ್ರಿ ಬೋಲ್ಟ್ ಇರುವಲ್ಲಿ ಸಾಮಾನ್ಯವಾಗಿ ಮರುಬಿಗಿತ ಇರುವುದಿಲ್ಲ. ಹೆಡ್ ಬಿಗಿದ ಮೇಲೆ ಟ್ಯಾಪೆಟ್ ಅಂತರ (ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದಿ) ಬದಲಾಗುತ್ತದೆ, ಅದನ್ನೂ ಮತ್ತೆ ಸೆಟ್ ಮಾಡಬೇಕು.

ಮೊದಲ ಎರಡು ದಿನ ನೀರು ಸ್ವಲ್ಪ ಇಳಿದರೆ ಹೆದರಬೇಡಿ, ಸಿಕ್ಕಿಕೊಂಡಿದ್ದ ಗಾಳಿ ಹೊರಬಂದ ಜಾಗಕ್ಕೆ ನೀರು ಹೋಗಿರುತ್ತದೆ. ತುಂಬಿ, ಮಟ್ಟಕ್ಕೆ ಗುರುತು ಹಾಕಿ. ವಾರದ ತನಕ ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮೇಲಿನ ಹೋಸ್ ಹಿಸುಕಿ ನೋಡಿ. ಮೂರನೇ ದಿನದ ಮೇಲೂ ಮಟ್ಟ ಇಳಿಯುತ್ತಿದ್ದರೆ, ಇಲ್ಲವೇ ಹೋಸ್ ಗಟ್ಟಿ ಸಿಕ್ಕರೆ, ಗುಳ್ಳೆ ಪರೀಕ್ಷೆಯನ್ನು ಮೊದಲಿನಿಂದ ಮಾಡಿ ಯಾವ ಸಿಲಿಂಡರ್ ಅಂತ ನನಗೆ ಬರೆಯಿರಿ.